ನಿವೃತ್ತರ ವಸತಿ: ಸೇರುವ ಮುಂಚೆ ಹಾಕಬೇಕಾದ ಲೆಕ್ಕ

ಶಿವಮೊಗ್ಗದಲ್ಲಿ ಹಿರಿಯ ನಾಗರಿಕರ ಮುಂದೆ ಆಡಿದ ಮಾತುಗಳ ಬರಹ ರೂಪ ಇದು. ಕೊನೆಯಲ್ಲಿ ಸಭಿಕರ ಮೂರು ಪ್ರಶ್ನೆಗಳೂ ಅವಕ್ಕೆ ಕೊಟ್ಟ ಉತ್ತರಗಳೂ ಇವೆ.

ಎಲ್ಲರಿಗೂ ನಮಸ್ಕಾರ.

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಈಗ ಬಹಳ ಮನೆಗಳ ಸ್ಥಿತಿ ಒಂದೇ. ಮೂರೋ ನಾಲ್ಕೋ ಎಕರೆ ತೋಟ, ದೊಡ್ಡ ಹೆಂಚಿನ ಮನೆ, ಒಳಗೆ ಎಪ್ಪತ್ತು ದಾಟಿದ ಇಬ್ಬರೇ. ಮಕ್ಕಳು ಬೆಂಗಳೂರಿನಲ್ಲಿ, ಇಲ್ಲವೇ ಅದಕ್ಕೂ ದೂರ. ಅಡಿಕೆ ಕೊನೆ ತೆಗೆಯುವವರು ಸಿಗುವುದಿಲ್ಲ, ಮನೆಗೆಲಸಕ್ಕೆ ಜನ ಇಲ್ಲ, ರಾತ್ರಿ ಎದೆನೋವು ಬಂದರೆ ಜೀಪು ತರುವವರಿಲ್ಲ. ಇಂಥ ಹೊತ್ತಿನಲ್ಲಿ ಊಟ, ನರ್ಸು, ಕಾವಲು ಎಲ್ಲ ಒಂದೇ ಕಡೆ ಸಿಗುವ ಹಿರಿಯರ ವಸತಿಯ ಜಾಹೀರಾತು ಕಂಡರೆ ಮನಸ್ಸು ಅತ್ತ ಹರಿಯುವುದು ಸಹಜ. ಚೆನ್ನಾಗಿ ನಡೆಯುವ ವಸತಿ ವಯಸ್ಸಾದವರಿಗೆ ನಿಜವಾದ ಆಸರೆ. ಅದಕ್ಕೆ ಸೇರುವುದೆಂದರೆ ಮಕ್ಕಳು ಕೈಬಿಟ್ಟರು ಅಂತಲೂ ಅಲ್ಲ.

ಮನೆಗೆ ಕೊಡುವ ದುಡ್ಡು ಒಂದು ಸಲದ್ದು. ಅನ್ನ, ಆರೈಕೆ, ಕಾವಲು, ಜನರೇಟರಿಗೆ ಕೊಡುವುದು ಹದಿನೈದು ಇಪ್ಪತ್ತು ವರ್ಷದ್ದು. ಜನ ಸೋಲುತ್ತಿರುವುದು ಈ ಎರಡನೆಯದರಲ್ಲಿ. ಚದರಡಿಗೆ ಎಷ್ಟು ಅಂತ ತಿಂಗಳುಗಟ್ಟಲೆ ಚೌಕಾಸಿ ಮಾಡುತ್ತಾರೆ, ತಿಂಗಳ ಶುಲ್ಕ ಹೇಗೆ ಏರುತ್ತದೆ ಅಂತ ಒಂದು ಮಾತೂ ಕೇಳುವುದಿಲ್ಲ. ಇವತ್ತಿನ ಮಾತೆಲ್ಲ ಅದರ ಸುತ್ತಲೇ.

ಮೂರು ಬಗೆಯ ವ್ಯವಹಾರ

ಮನೆ ಸಿಗುವುದು ಮೂರು ದಾರಿಯಲ್ಲಿ: ಕ್ರಯ, ಠೇವಣಿ, ಬಾಡಿಗೆ.

ಕ್ರಯದಲ್ಲಿ ಮನೆ ನಿಮ್ಮ ಹೆಸರಿಗೆ ನೋಂದಣಿಯಾಗುತ್ತದೆ. 50 ಲಕ್ಷದ ಮನೆ ಎಂದಿಟ್ಟುಕೊಳ್ಳಿ. ಶೇ. 5ರಂತೆ ಮುದ್ರಾಂಕ ಶುಲ್ಕ ಎರಡೂವರೆ ಲಕ್ಷ, ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್ ಸುಮಾರು ಮೂವತ್ತು ಸಾವಿರ, 2025ರ ಆಗಸ್ಟ್ ಕೊನೆಯಿಂದ ಶೇ. 2ಕ್ಕೆ ಏರಿರುವ ನೋಂದಣಿ ಶುಲ್ಕ ಒಂದು ಲಕ್ಷ. ಒಟ್ಟು 3 ಲಕ್ಷ 80 ಸಾವಿರದ ಹತ್ತಿರ. ಮನೆ ಇನ್ನೂ ಕಟ್ಟುತ್ತಿದ್ದರೆ ಸಾಮಾನ್ಯವಾಗಿ ಶೇ. 5ರ ಜಿಎಸ್‌ಟಿ, ಅಂದರೆ ಇನ್ನೂ ಎರಡೂವರೆ ಲಕ್ಷ. ಕಟ್ಟಡ ಪೂರ್ಣಗೊಂಡ ಪ್ರಮಾಣಪತ್ರ ಬಂದ ಮೇಲೆ ಕೊಂಡರೆ ಆ ಜಿಎಸ್‌ಟಿ ಇಲ್ಲ. ವಯಸ್ಸಾದವರು ಕಟ್ಟಿ ಮುಗಿದ ಮನೆಯನ್ನೇ ಕೊಳ್ಳಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಎಪ್ಪತ್ತೆರಡರಲ್ಲಿ ದುಡ್ಡು ಕೊಟ್ಟು ಎಪ್ಪತ್ತೇಳರವರೆಗೆ ಕಾಯುವುದು ಯಾರಿಗೂ ಬೇಡ.

ಮನೆ ಕಟ್ಟಿ ಮಾರುವವರನ್ನು ನಿಯಂತ್ರಿಸುವ 2016ರ ರೇರಾ ಕಾಯ್ದೆ ಇಲ್ಲಿ ರಕ್ಷಣೆ ಕೊಡುತ್ತದೆ. ನೋಂದಾಯಿತ ಕರಾರು ಆಗದೆ ಶೇ. 10ಕ್ಕಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ. ಕೊಳ್ಳುವವರಿಂದ ಬಂದ ಹಣದಲ್ಲಿ ಶೇ. 70ನ್ನು ಪ್ರತ್ಯೇಕ ಖಾತೆಯಲ್ಲಿಟ್ಟು ಅದೇ ಯೋಜನೆಗೆ ಖರ್ಚು ಮಾಡಬೇಕು. ಸ್ವಾಧೀನ ಕೊಟ್ಟ ಮೇಲೆ ಐದು ವರ್ಷದೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡರೆ ಕಟ್ಟಿದವರು ಸ್ವಂತ ಖರ್ಚಿನಲ್ಲಿ ಸರಿಮಾಡಿಕೊಡಬೇಕು. ಆದರೆ ಜಾಗ 500 ಚದರ ಮೀಟರ್ ಮೀರದಿದ್ದರೆ, ಅಥವಾ ಮನೆಗಳು ಎಂಟನ್ನು ಮೀರದಿದ್ದರೆ ರೇರಾ ನೋಂದಣಿ ಕಡ್ಡಾಯವಲ್ಲ. ನಮ್ಮ ಕಡೆ ತೋಟದ ಅಂಚಿನಲ್ಲಿ ಎದ್ದೇಳುವ ಆರು ಕಾಟೇಜು, ಎಂಟು ಕಾಟೇಜಿನ ಯೋಜನೆಗಳನ್ನು ಈ ದೃಷ್ಟಿಯಿಂದಲೂ ನೋಡಿ.

ಕ್ರಯ ಮಾಡಿಕೊಂಡರೆ ಮಕ್ಕಳಿಗೆ ಆಸ್ತಿಯಾಗುತ್ತದೆ ಅನ್ನುವುದು ಪೂರ್ತಿ ನಿಜವಲ್ಲ. ಇಂಥ ವಸತಿಗಳ ನಿಯಮದಲ್ಲಿ ಇಷ್ಟು ವಯಸ್ಸು ದಾಟಿದವರು ಮಾತ್ರ ವಾಸ ಮಾಡಬಹುದು ಎಂದಿರುತ್ತದೆ. ಮಗನಿಗೆ ಹಕ್ಕು ಬರುತ್ತದೆ, ವಾಸಕ್ಕೆ ಬರುವಂತಿಲ್ಲ. ಮಾರೋಣ ಎಂದರೆ ಕೊಳ್ಳುವವರೂ ವಯಸ್ಸಾದವರೇ ಆಗಬೇಕು, ಹಾಗಾಗಿ ಗಿರಾಕಿ ಕಡಿಮೆ. ಮಾರಾಟ ಆಗುವವರೆಗೂ ಬೀಗ ಹಾಕಿದ ಮನೆಗೆ ನಿರ್ವಹಣೆ ಶುಲ್ಕ ಕಟ್ಟುತ್ತಲೇ ಇರಬೇಕು.

ಠೇವಣಿಯಲ್ಲಿ ಮನೆ ನಿಮ್ಮದಾಗುವುದಿಲ್ಲ. ದೊಡ್ಡ ಮೊತ್ತ ಇಟ್ಟು ಬದುಕಿರುವವರೆಗೆ ಇರುವ ಹಕ್ಕು ಪಡೆಯುತ್ತೀರಿ. ಬಿಡುವಾಗ ಅಥವಾ ತೀರಿಕೊಂಡ ಮೇಲೆ ಒಂದಿಷ್ಟು ಹಿಡಿದುಕೊಂಡು ಉಳಿದದ್ದನ್ನು ಹಿಂತಿರುಗಿಸುತ್ತಾರೆ. 'ಠೇವಣಿ ಇಟ್ಟರೆ ಬಾಡಿಗೆ ಇಲ್ಲ' ಎಂದು ಹೇಳುತ್ತಾರಲ್ಲ, ಅದನ್ನು ಲೆಕ್ಕಕ್ಕೆ ಇಳಿಸಿ ನೋಡೋಣ. 30 ಲಕ್ಷ ಠೇವಣಿ, ವರ್ಷಕ್ಕೆ ಶೇ. 3 ಕಡಿತ. ಆ ದುಡ್ಡು ನಿಮ್ಮ ಬ್ಯಾಂಕಿನಲ್ಲಿದ್ದರೆ ಶೇ. 7ರಂತೆ ವರ್ಷಕ್ಕೆ 2 ಲಕ್ಷ 10 ಸಾವಿರ ಬಡ್ಡಿ, ತಿಂಗಳಿಗೆ 17,500. ಕಡಿತ ವರ್ಷಕ್ಕೆ 90 ಸಾವಿರ, ತಿಂಗಳಿಗೆ 7,500. ಎರಡೂ ಸೇರಿ 25 ಸಾವಿರ. ಅಷ್ಟು ಬಾಡಿಗೆಯನ್ನು ನೀವು ಕೊಡುತ್ತಿದ್ದೀರಿ, ರಸೀದಿ ಬರುವುದಿಲ್ಲ ಅಷ್ಟೇ. ಇದರ ಮೇಲೆ ಊಟ ಮತ್ತು ಸೇವೆಯ ಶುಲ್ಕ ಬೇರೆ.

ನ್ಯೂಜಿಲೆಂಡಿನಲ್ಲಿ ಬಹುಪಾಲು ಹಿರಿಯರ ವಸತಿಗಳು ನಡೆಯುವುದು ಈ ಪದ್ಧತಿಯಲ್ಲೇ. ಬಿಡುವಾಗ ಶೇ. 20ರಿಂದ 30 ಹಿಡಿದುಕೊಳ್ಳುವುದು ಅಲ್ಲಿ ಸಾಮಾನ್ಯ. ಆದರೆ ಅಲ್ಲಿ 2003ರಲ್ಲೇ ಅದಕ್ಕೆಂದು ಕಾಯ್ದೆ ಬಂತು. ಸಹಿ ಹಾಕುವ ಮುಂಚೆ ಬೇರೊಬ್ಬ ವಕೀಲರಿಂದ ತಿಳಿದುಕೊಳ್ಳಲೇಬೇಕು, ಸಹಿ ಹಾಕಿದ ಮೇಲೂ 15 ಕೆಲಸದ ದಿನಗಳೊಳಗೆ ಬೇಡ ಅನ್ನಬಹುದು. ನಮ್ಮಲ್ಲಿ ಕೇಂದ್ರದ ವಸತಿ ಸಚಿವಾಲಯ 2019ರಲ್ಲಿ ಮಾದರಿ ಮಾರ್ಗಸೂಚಿ ಹೊರಡಿಸಿತು. ಮಾದರಿ ಎಂದರೆ ರಾಜ್ಯಗಳು ಅಳವಡಿಸಿಕೊಳ್ಳಲು ಕೊಟ್ಟದ್ದು, ತಾನಾಗಿಯೇ ಕಾನೂನಾಗಿ ಕೈಹಿಡಿಯುವಂಥದ್ದಲ್ಲ. ಬರೀ ವಾಸದ ಅನುಮತಿ ಕೊಡುವ ಠೇವಣಿ ಕರಾರಿಗೆ ರೇರಾ ರಕ್ಷಣೆ ಇದೆಯೆಂದು ನಂಬಿ ಕೂರಬೇಡಿ. ಅಲ್ಲಿ ಕಾಯ್ದೆ ಮಾಡುವ ಕೆಲಸವನ್ನು ಇಲ್ಲಿ ನಿಮ್ಮ ಕರಾರೇ ಮಾಡಬೇಕು.

ಠೇವಣಿ ಕರಾರಿನಲ್ಲಿ ಬೆರಳಿಟ್ಟು ಓದಬೇಕಾದ ಸಾಲು ಒಂದಿದೆ. 'ಹೊಸ ನಿವಾಸಿ ಬಂದ ನಂತರ ಠೇವಣಿ ಹಿಂತಿರುಗಿಸಲಾಗುವುದು' ಎಂದಿದ್ದರೆ ಅಲ್ಲಿಗೇ ನಿಲ್ಲಿ. ಹೊಸಬರು ಮೂರು ವರ್ಷ ಬರದಿದ್ದರೆ ಮೂರು ವರ್ಷ ನಿಮ್ಮ ದುಡ್ಡಿಲ್ಲ. 'ಹೊಸಬರು ಬರಲಿ ಬಿಡಲಿ, ಮನೆ ತೆರವಾದ 90 ದಿನದೊಳಗೆ, ತಡವಾದರೆ ಇಷ್ಟು ಬಡ್ಡಿ ಸಮೇತ' ಎಂದು ಬರೆಸಿ. ಠೇವಣಿಗಳನ್ನು ಎಲ್ಲಿ ಇಟ್ಟಿದ್ದೀರಿ ಎಂದೂ ಕೇಳಿ. 'ಎರಡನೇ ಹಂತದ ಕಟ್ಟಡಕ್ಕೆ ಹಾಕಿದ್ದೇವೆ' ಎಂಬ ಉತ್ತರ ಬಂದರೆ, ಆ ಕಟ್ಟಡದ ಕೆಲಸ ಅರ್ಧಕ್ಕೆ ನಿಂತ ದಿನ ನಿಮ್ಮ ಠೇವಣಿಯೂ ಸಿಕ್ಕಿಬಿತ್ತು ಎಂದೇ ಅರ್ಥ.

ಬಾಡಿಗೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎರಡು ಮೂರು ತಿಂಗಳ ಮುಂಗಡ, ತಿಂಗಳ ಬಾಡಿಗೆ, ಬೇಡವೆಂದರೆ ಒಂದು ತಿಂಗಳ ನೋಟಿಸು. ತಿಂಗಳ ಲೆಕ್ಕದಲ್ಲಿ ಇದೇ ದುಬಾರಿ ಅನ್ನಿಸಬಹುದು. ಆದರೂ ಮಲೆನಾಡಿನವರು ಮೊದಲ ವರ್ಷ ಬಾಡಿಗೆಗೇ ಇರಿ, ಊರ ಮನೆ ಮಾರಬೇಡಿ. ಒಂದು ಮಳೆಗಾಲ ಅಲ್ಲಿ ಕಳೆಯದೆ ದೊಡ್ಡ ದುಡ್ಡಿಗೆ ಕೈ ಹಾಕಲೇಬೇಡಿ.

ತಿಂಗಳ ಶುಲ್ಕ ಎಲ್ಲಿಂದ ಹುಟ್ಟುತ್ತದೆ

ಒಂದು ಉದಾಹರಣೆಯಿಂದ ಇದು ಬೇಗ ತಿಳಿಯುತ್ತದೆ. '24 ಗಂಟೆ ನರ್ಸ್' ಎಂದು ಬರೆದಿರುತ್ತಾರೆ. ವಾರಕ್ಕೆ 168 ಗಂಟೆ. ಒಬ್ಬ ನರ್ಸ್ ವಾರಕ್ಕೆ 48 ಗಂಟೆ ಕೆಲಸ ಮಾಡಿದರೆ, ಒಂದೇ ಕುರ್ಚಿಯನ್ನು ಹಗಲು ರಾತ್ರಿ ತುಂಬಿಸಲು ಮೂರೂವರೆ ಜನ ಬೇಕು. ರಜೆ, ಹಬ್ಬ, ಕಾಯಿಲೆ ಸೇರಿಸಿದರೆ ನಾಲ್ಕರಿಂದ ಐದು. 'ನಿಮ್ಮಲ್ಲಿ ಎಷ್ಟು ಜನ ನರ್ಸ್ ಇದ್ದಾರೆ' ಎಂದು ಕೇಳಿದಾಗ 'ಇಬ್ಬರು' ಎಂದರೆ ರಾತ್ರಿ ಯಾರೂ ಇರುವುದಿಲ್ಲ, ಅಥವಾ ಇರುವವರು ನಿದ್ದೆಗೆಟ್ಟು ಕೆಲಸ ಮಾಡುತ್ತಿದ್ದಾರೆ. ಒಬ್ಬೊಬ್ಬರಿಗೆ 20 ಸಾವಿರ ಎಂದು ಹಿಡಿದರೆ ನಾಲ್ಕೂವರೆ ಜನಕ್ಕೆ ತಿಂಗಳಿಗೆ 90 ಸಾವಿರ. 40 ಮನೆಗೆ ಹಂಚಿದರೆ ಮನೆಗೆ 2,250. 12 ಮನೆಗೆ ಹಂಚಿದರೆ 7,500. ಅಡುಗೆಯವರು, ಕಾವಲಿನವರು, ಆಂಬುಲೆನ್ಸ್ ಚಾಲಕ ಎಲ್ಲರಿಗೂ ಇದೇ ಲೆಕ್ಕ. ಹೋಂಸ್ಟೇಯನ್ನೇ ಸ್ವಲ್ಪ ಮಾರ್ಪಡಿಸಿ ಹಿರಿಯರ ವಸತಿ ಎಂದು ಬೋರ್ಡು ಹಾಕಿದ ಹತ್ತು ಕೋಣೆಯ ಜಾಗಗಳು ಎರಡು ಮೂರು ವರ್ಷದಲ್ಲಿ ಸೊರಗುವುದಕ್ಕೆ ಕಾರಣ ಈ ಭಾಗಾಕಾರವೇ ಹೊರತು ನಡೆಸುವವರ ಮನಸ್ಸು ಕೆಟ್ಟದ್ದು ಎಂದಲ್ಲ.

ಹಾಗಾಗಿ ಎಷ್ಟು ಮನೆ ಕಟ್ಟಿದ್ದಾರೆ ಎನ್ನುವುದಕ್ಕಿಂತ ಎಷ್ಟು ಮನೆಯಲ್ಲಿ ಜನ ಇದ್ದಾರೆ ಎನ್ನುವುದು ಮುಖ್ಯ. ಸಂಜೆ ಏಳಕ್ಕೆ ಹೋಗಿ ಎಷ್ಟು ಕಿಟಕಿಯಲ್ಲಿ ದೀಪ ಇದೆ ಎಣಿಸಿ. ಬೀಗ ಹಾಕಿದ ಮನೆಗಳ ಮಾಲೀಕರು ಶುಲ್ಕ ಕಟ್ಟುತ್ತಿದ್ದಾರೆಯೇ, ಬಾಕಿ ಎಷ್ಟಿದೆ, ಕಳೆದ ಮೂರು ವರ್ಷದ ಆಡಿಟ್ ಆದ ಲೆಕ್ಕ ತೋರಿಸುತ್ತೀರಾ ಎಂದು ಕೇಳಿ. ಲಿಫ್ಟು, ಪಂಪು, ಜನರೇಟರು, ಚಾವಣಿಯ ದುರಸ್ತಿಗೆ ಬೇರೆಯೇ ಒಂದು ನಿಧಿ ಇರಬೇಕು. ಅದಿಲ್ಲದಿದ್ದರೆ ಏಳೆಂಟು ವರ್ಷಕ್ಕೆ ಎಲ್ಲವೂ ಒಟ್ಟಿಗೆ ಕೆಡುತ್ತವೆ, ಮನೆಗೆ ಲಕ್ಷ ಕೊಡಿ ಎಂಬ ಪತ್ರ ಬರುತ್ತದೆ. ಆಗ ಅರ್ಧ ಜನ ಕೊಡುವುದಿಲ್ಲ.

ಜಿಎಸ್‌ಟಿಯಲ್ಲಿ ಎರಡು ಗೆರೆಗಳನ್ನು ನೆನಪಿಡಿ. ನಿವಾಸಿಗಳ ಸಂಘಕ್ಕೆ ಕಟ್ಟುವ ನಿರ್ವಹಣೆ ಶುಲ್ಕ ತಿಂಗಳಿಗೆ 7,500 ರೂಪಾಯಿವರೆಗೆ ಇದ್ದರೆ ವಿನಾಯಿತಿ. ಇನ್ನೊಂದು, ಆದಾಯ ತೆರಿಗೆ ಇಲಾಖೆಯಲ್ಲಿ ಧರ್ಮಾರ್ಥ ಸಂಸ್ಥೆಯೆಂದು ನೋಂದಣಿಯಾದ ವೃದ್ಧಾಶ್ರಮ, 60 ದಾಟಿದವರಿಂದ ಊಟ, ವಸತಿ, ನಿರ್ವಹಣೆ ಸೇರಿ ಒಬ್ಬರಿಗೆ ತಿಂಗಳಿಗೆ 25 ಸಾವಿರದವರೆಗೆ ಪಡೆದರೆ ವಿನಾಯಿತಿ. ಕಂಪನಿ ನಡೆಸುವ ವಸತಿಗೆ ಇದು ಅನ್ವಯಿಸುವುದಿಲ್ಲ. ಹೇಳಿದ ಶುಲ್ಕ ಜಿಎಸ್‌ಟಿ ಸೇರಿಯೋ ಬಿಟ್ಟೋ ಎಂಬ ಒಂದು ಪ್ರಶ್ನೆಯಿಂದ ತಿಂಗಳಿಗೆ ಸಾವಿರಾರು ರೂಪಾಯಿಯ ವ್ಯತ್ಯಾಸ ಹೊರಬೀಳುತ್ತದೆ.

ದುಡ್ಡು ಹೊಂದಿಸುವ ಬಗೆ

ಗಂಡ ಹೆಂಡತಿ ಇಬ್ಬರಿಗೂ ಸೇರಿ ಶುಲ್ಕ ತಿಂಗಳಿಗೆ 25 ಸಾವಿರ ಎಂದಿಟ್ಟುಕೊಳ್ಳೋಣ. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಒಬ್ಬರು ಗರಿಷ್ಠ 30 ಲಕ್ಷ ಇಡಬಹುದು. ಶೇ. 8.2ರ ದರದಲ್ಲಿ ಮೂರು ತಿಂಗಳಿಗೊಮ್ಮೆ 61,500, ಅಂದರೆ ತಿಂಗಳಿಗೆ 20,500. ಅಂಚೆ ಕಚೇರಿಯ ಮಾಸಿಕ ಆದಾಯ ಯೋಜನೆಯಲ್ಲಿ ಜಂಟಿ ಖಾತೆಗೆ 15 ಲಕ್ಷ, ಶೇ. 7.4ರಂತೆ ತಿಂಗಳಿಗೆ 9,250. ಎರಡೂ ಸೇರಿ 45 ಲಕ್ಷಕ್ಕೆ 29,750. ಶುಲ್ಕ ಕಟ್ಟಿ ನಾಲ್ಕು ಸಾವಿರದ ಮೇಲೆ ಉಳಿಯುತ್ತದೆ, ಸಾಕು ಅನ್ನಿಸುತ್ತದೆ.

ಸಾಕಾಗುವುದಿಲ್ಲ. ಬಡ್ಡಿಯ ಮೊತ್ತ ಅಷ್ಟೇ ಇರುತ್ತದೆ, ಶುಲ್ಕ ಏರುತ್ತದೆ. ವರ್ಷಕ್ಕೆ ಶೇ. 6 ಏರಿದರೂ ನಾಲ್ಕನೇ ವರ್ಷಕ್ಕೆ ಶುಲ್ಕ 29,775 ಆಗಿ ಬಡ್ಡಿಯನ್ನು ದಾಟುತ್ತದೆ. ಹತ್ತು ವರ್ಷ ಕಳೆಯುವಾಗ 44,800ರ ಹತ್ತಿರ, ಇಪ್ಪತ್ತು ವರ್ಷಕ್ಕೆ 80 ಸಾವಿರ ಮೀರುತ್ತದೆ. ಔಷಧಿಯ ಖರ್ಚೂ ಬಡ್ಡಿಯ ಮೇಲಿನ ತೆರಿಗೆಯೂ ಇದರಲ್ಲಿ ಸೇರಿಲ್ಲ.

ಹಾಗಾದರೆ ಎಷ್ಟಿರಬೇಕು? ಸುಲಭದ ಒಂದು ಲೆಕ್ಕವಿದೆ. ನಿಮ್ಮ ಹಣಕ್ಕೆ ತೆರಿಗೆ ಕಳೆದು ಸಿಗುವ ಬಡ್ಡಿಯೂ ಶುಲ್ಕದ ಏರಿಕೆಯೂ ಸಮ ಎಂದಿಟ್ಟುಕೊಂಡರೆ, ಇವತ್ತಿನ ವರ್ಷದ ಶುಲ್ಕವನ್ನು ಎಷ್ಟು ವರ್ಷಕ್ಕೆ ಬೇಕೋ ಅಷ್ಟರಿಂದ ಗುಣಿಸಿ. 25 ಸಾವಿರದಂತೆ ವರ್ಷಕ್ಕೆ 3 ಲಕ್ಷ, ಇಪ್ಪತ್ತು ವರ್ಷಕ್ಕೆ 60 ಲಕ್ಷ. ಅಸಲು ಬಡ್ಡಿ ಎರಡನ್ನೂ ತೆಗೆಯುತ್ತಾ ಹೋದರೆ ಇಪ್ಪತ್ತನೇ ವರ್ಷಕ್ಕೆ ಸರಿಯಾಗಿ ಮುಗಿಯುತ್ತದೆ. ಶುಲ್ಕ ಶೇ. 8ರಂತೆ ಏರಿ ಬಡ್ಡಿ ಶೇ. 6 ಮಾತ್ರ ಸಿಕ್ಕರೆ ಬೇಕಾಗುವುದು ಸುಮಾರು 72 ಲಕ್ಷ. ಏರಿಕೆಯಲ್ಲಿ ಎರಡು ಶೇಕಡಾ ವ್ಯತ್ಯಾಸವಾದರೆ ಹನ್ನೆರಡು ಲಕ್ಷ ಹೆಚ್ಚು ಬೇಕು. ಕರಾರಿನಲ್ಲಿ ಏರಿಕೆಗೆ ಮಿತಿ ಬರೆಸಿಕೊಳ್ಳುವುದಕ್ಕೆ ಇಷ್ಟು ಬೆಲೆ ಇದೆ. 'ಕಾಲಕಾಲಕ್ಕೆ ಪರಿಷ್ಕರಿಸಲಾಗುವುದು' ಎಂಬ ಸಾಲನ್ನು ಒಪ್ಪಬೇಡಿ.

ತೋಟ ಇರುವವರ ತೊಡಕು ಬೇರೆ. ಅಡಿಕೆ ದುಡ್ಡು ಬರುವುದು ವರ್ಷಕ್ಕೊಮ್ಮೆ, ಶುಲ್ಕ ಕಟ್ಟಬೇಕಾದದ್ದು ತಿಂಗಳಿಗೊಮ್ಮೆ. ಕೊಳೆರೋಗವೋ ಎಲೆಚುಕ್ಕೆಯೋ ಬಂದ ವರ್ಷ ಬೆಳೆ ಅರ್ಧ. ಅಡಿಕೆ ಬೆಳೆಗಾರರ ಸಹಕಾರ ಸಂಘ ಮಾಮ್ಕೋಸಿನಿಂದಲೋ ಮಂಡಿಯಿಂದಲೋ ಹಣ ಬಂದ ದಿನವೇ ಹನ್ನೆರಡು ತಿಂಗಳ ಶುಲ್ಕವನ್ನು ಬೇರೆ ಖಾತೆಗೆ ಹಾಕಿ. ಅದರ ಹಿಂದೆ ಇನ್ನೊಂದು ವರ್ಷದ್ದು ಬ್ಯಾಂಕ್ ಠೇವಣಿಯಲ್ಲಿರಲಿ. ಆಮೇಲೆ ಉಳಿದದ್ದು ಬೇರೆ ಖರ್ಚಿಗೆ. ಬೆಳೆಯನ್ನು ಚೇಣಿಗೆ, ಅಂದರೆ ಮರದಲ್ಲಿರುವ ಫಸಲನ್ನೇ ಗುತ್ತಿಗೆಗೆ ಕೊಡುವವರು ಆ ವರ್ಷದ ಫಸಲಿನ ಮಾರಾಟ ಎಂದೇ ಕಾಗದ ಮಾಡಿ. ಕರ್ನಾಟಕ ಭೂಸುಧಾರಣಾ ಕಾಯ್ದೆಯಲ್ಲಿ ಕೃಷಿ ಜಮೀನನ್ನು ಗೇಣಿಗೆ ಕೊಡುವಂತಿಲ್ಲ, ಹಾಗಾಗಿ 'ತೋಟವನ್ನು ಐದು ವರ್ಷ ವಹಿಸಿಕೊಟ್ಟಿದ್ದೇನೆ' ಎಂಬಂಥ ಬರಹ ಮುಂದೆ ನಿಮಗೇ ಮುಳುವಾಗುತ್ತದೆ.

ದುಡ್ಡು ಎಲ್ಲಿ ಇಡುತ್ತೀರಿ ಎನ್ನುವುದನ್ನೂ ಹೇಳಲೇಬೇಕು. ಬ್ಯಾಂಕಿನ ಠೇವಣಿಗೆ, ಸಹಕಾರಿ ಬ್ಯಾಂಕೂ ಸೇರಿ, ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ವಿಮೆ ಇದೆ. ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿಗಳ ಠೇವಣಿಗೆ ಆ ವಿಮೆ ಇಲ್ಲ. ನಮ್ಮ ಕಡೆ ಪರಿಚಯ, ವಿಶ್ವಾಸದ ಮೇಲೆ ಅಲ್ಲಿ ಬಹಳ ಹಣ ಇಡುತ್ತೇವೆ, ಅರ್ಧ ಶೇಕಡಾ ಬಡ್ಡಿಯೂ ಹೆಚ್ಚು. ಮುಪ್ಪಿನ ಅನ್ನದ ದುಡ್ಡನ್ನು ಅಲ್ಲಿ ಇಡಬೇಡಿ.

ತೋಟ ಮಾರಿಯೇ ಹೋಗುವುದಾದರೆ ತೆರಿಗೆಯ ಒಂದು ಸಮಾಧಾನವಿದೆ. ಗ್ರಾಮೀಣ ಕೃಷಿ ಜಮೀನಿನ ಮಾರಾಟಕ್ಕೆ ಬಂಡವಾಳ ಲಾಭದ ತೆರಿಗೆ ಇಲ್ಲ. ಗ್ರಾಮೀಣ ಎಂದರೆ ಶಿವಮೊಗ್ಗ, ಭದ್ರಾವತಿಯಂಥ ಲಕ್ಷ ದಾಟಿದ ಊರಿನ ಗಡಿಯಿಂದ ನೇರ ಅಳತೆಯಲ್ಲಿ 6 ಕಿಲೋಮೀಟರ್, ಸಾಗರ, ತೀರ್ಥಹಳ್ಳಿಯಂಥ ಪಟ್ಟಣದಿಂದ 2 ಕಿಲೋಮೀಟರ್ ಆಚೆ ಇರಬೇಕು. ಪಟ್ಟಣದ ಮನೆ ಮಾರಿದರೆ ತೆರಿಗೆ ಉಂಟು. ಎರಡು ವರ್ಷದೊಳಗೆ ಬೇರೆ ಮನೆ ಕೊಂಡರೆ ಅಥವಾ ಮೂರು ವರ್ಷದೊಳಗೆ ಕಟ್ಟಿದರೆ ವಿನಾಯಿತಿ. ಠೇವಣಿ ಇಟ್ಟು ವಾಸದ ಹಕ್ಕು ಪಡೆದದ್ದು ಮನೆ ಕೊಂಡಂತೆ ಅಲ್ಲ. ಮನೆ ಮಾರಿದ ದುಡ್ಡನ್ನು ಠೇವಣಿ ಕಟ್ಟಿ, ಮರುವರ್ಷ ತೆರಿಗೆಗೆ ಪರದಾಡುವುದು ಈ ಕಾರಣಕ್ಕೆ. ಮಾರುವ ಮುಂಚೆ ಲೆಕ್ಕಪರಿಶೋಧಕರ ಹತ್ತಿರ ಒಂದು ಗಂಟೆ ಕೂತು ಬನ್ನಿ.

ಜಾಗ ಮತ್ತು ಮಳೆ

ಮಲೆನಾಡಿನ ಜಮೀನಿನ ಕಾಗದ ಬಯಲುಸೀಮೆಯಷ್ಟು ಸರಳವಲ್ಲ. ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟ, ಕಾನು ಎಂಬ ಕಾಡು, ಗೋಮಾಳ, ಬಗರ್‌ಹುಕುಂ, ಶರಾವತಿ ಮುಳುಗಡೆಯವರಿಗೆ ಕೊಟ್ಟ ಜಾಗ, ಪರಿಶಿಷ್ಟರಿಗೆ ಮಂಜೂರಾದ ಜಮೀನು, ಇವೆಲ್ಲ ಒಂದಕ್ಕೊಂದು ತಾಗಿಕೊಂಡೇ ಇರುತ್ತವೆ. ಪಹಣಿ, ಮ್ಯುಟೇಶನ್, ಮೂವತ್ತು ವರ್ಷದ ಋಣಭಾರ ಪತ್ರ, ಭೂ ಪರಿವರ್ತನೆ ಆದೇಶ, ಅನುಮೋದಿತ ನಕ್ಷೆ, ಪಂಚಾಯಿತಿ ವ್ಯಾಪ್ತಿಯಾದರೆ ಅಲ್ಲಿನ ಆಸ್ತಿ ದಾಖಲೆಗಳಾದ ನಮೂನೆ 9 ಮತ್ತು 11, ಇಷ್ಟನ್ನೂ ಕಂದಾಯದ ಕೆಲಸ ಬಲ್ಲ ಸ್ಥಳೀಯ ವಕೀಲರಿಗೆ ತೋರಿಸಿ. ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ ಆರನೇ ಬಾರಿಗೆ 2024ರ ಜುಲೈ 31ರಂದು ಹೊರಬಿತ್ತು. ಅದರ ಪಟ್ಟಿಯ ಹಳ್ಳಿಗಳಲ್ಲಿ 20 ಸಾವಿರ ಚದರ ಮೀಟರ್ ಮತ್ತು ಅದಕ್ಕೂ ದೊಡ್ಡ ಹೊಸ ಕಟ್ಟಡ ಯೋಜನೆಗೆ ಅವಕಾಶವಿಲ್ಲ ಎಂದಿದೆ. ಮುಂದಿನ ಹಂತದಲ್ಲಿ ಆಸ್ಪತ್ರೆ, ಸಭಾಭವನ, ಇನ್ನೂರು ಮನೆ ಎಂದು ಹೇಳುವವರನ್ನು ಆ ಹಳ್ಳಿ ಪಟ್ಟಿಯಲ್ಲಿದೆಯೇ ಎಂದು ಕೇಳಿ.

ಜಾಗವನ್ನು ಜನವರಿಯಲ್ಲಿ ನೋಡಿದರೆ ಎಲ್ಲವೂ ಚೆಂದ. ನೋಡಬೇಕಾದದ್ದು ಜುಲೈನಲ್ಲಿ. ಆಗುಂಬೆಯ ಕಡೆ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೇಲೆ ಮಳೆ. ಮನೆಯಿಂದ ಊಟದ ಮನೆಗೆ ಹೋಗುವ ದಾರಿಗೆ ಚಾವಣಿ ಇಲ್ಲದಿದ್ದರೆ ನಾಲ್ಕು ತಿಂಗಳು ಊಟಕ್ಕೆ ಹೋಗುವುದೇ ಅಪಾಯ. ಜಂಬಿಟ್ಟಿಗೆ ಹಾಸಿದ ಅಂಗಳ ಹದಿನೈದು ದಿನಕ್ಕೆ ಹಾವಸೆ ಕಟ್ಟುತ್ತದೆ. ಅದನ್ನು ಬ್ಲೀಚಿಂಗ್ ಪುಡಿ ಹಾಕಿ ಉಜ್ಜುವವರು ಯಾರು, ಎಷ್ಟು ದಿನಕ್ಕೊಮ್ಮೆ ಎಂದು ಕೇಳುವುದು ಸಣ್ಣ ಮಾತಲ್ಲ. ಸೊಂಟದ ಮೂಳೆ ಮುರಿಯುವುದು ಅಲ್ಲೇ, ಬಚ್ಚಲಲ್ಲೇ.

ಬಚ್ಚಲ ಬಾಗಿಲು ಹೊರಕ್ಕೆ ತೆರೆಯಬೇಕು. ಒಳಗೆ ಬಿದ್ದವರು ಬಾಗಿಲಿಗೆ ಅಡ್ಡವಾದರೆ ಒಳಕ್ಕೆ ತೆರೆಯುವ ಬಾಗಿಲನ್ನು ತಳ್ಳಲಾಗುವುದಿಲ್ಲ. ಅಗಲ 90 ಸೆಂಟಿಮೀಟರ್ ಇರಲಿ. ಕಮೋಡಿನ ಪಕ್ಕದ ಹಿಡಿಕೆಯನ್ನು ಕೈಯಿಂದ ಜಗ್ಗಿ ನೋಡಿ. ಜಂಬಿಟ್ಟಿಗೆ ಮೆದು ಕಲ್ಲು, ಸಾಮಾನ್ಯ ಪ್ಲಗ್ ಹೊಡೆದು ಸ್ಕ್ರೂ ಬಿಗಿದ ಹಿಡಿಕೆ ಪೂರ್ತಿ ಮೈಭಾರ ಬಿದ್ದಾಗ ಕಿತ್ತು ಬರುತ್ತದೆ. ಗೋಡೆಯ ಆಚೆ ಬದಿಗೆ ಕಬ್ಬಿಣದ ಪ್ಲೇಟು ಕೊಟ್ಟು ಬೋಲ್ಟು ಹಾಕಿರಬೇಕು. ಗಾಲಿಕುರ್ಚಿಯ ಇಳಿಜಾರು ಹನ್ನೆರಡಕ್ಕೆ ಒಂದು. ನಮ್ಮ ಕಡೆ ನೀರು ನುಗ್ಗದಿರಲೆಂದು ತಳಪಾಯವನ್ನು ಒಂದೂವರೆ ಅಡಿ ಎತ್ತರಿಸುತ್ತೇವಲ್ಲ, ಅದಕ್ಕೆ 18 ಅಡಿ ಉದ್ದದ ಇಳಿಜಾರು ಬೇಕು. ಆರಡಿಯಲ್ಲಿ ಮುಗಿಸಿದ್ದರೆ ಅದು ಫೋಟೋಕ್ಕೆ ಮಾತ್ರ.

ಕರೆಂಟಿನ ಮಾತು. ಮಳೆಗಾಲದಲ್ಲಿ ಮರ ಬಿದ್ದು ಮೆಸ್ಕಾಂ ಲೈನ್ ಹೋದರೆ ಒಳನಾಡಿನಲ್ಲಿ ಒಂದೆರಡು ದಿನ ಬರದೇ ಇರುವುದುಂಟು. ಉಸಿರಾಟದ ತೊಂದರೆಯವರಿಗೆ ಆಮ್ಲಜನಕ ಕೊಡುವ ಐದು ಲೀಟರಿನ ಆಕ್ಸಿಜನ್ ಕಾನ್ಸಂಟ್ರೇಟರ್ ಸುಮಾರು 350 ವಾಟ್ ಎಳೆಯುತ್ತದೆ. 150 ಎಎಚ್ ಬ್ಯಾಟರಿಯ ಇನ್ವರ್ಟರ್ ಅದನ್ನು ನಡೆಸುವುದು ಮೂರೂವರೆ ಗಂಟೆ, ಹಳೆಯ ಬ್ಯಾಟರಿಯಾದರೆ ಅದೂ ಇಲ್ಲ. ಜನರೇಟರ್ ಮನೆಯೊಳಗಿನ ಪ್ಲಗ್ಗಿಗೂ ಕೊಡುತ್ತದೆಯೇ, ಬರೀ ಬೀದಿದೀಪ ಮತ್ತು ಲಿಫ್ಟಿಗೋ? ಡೀಸೆಲ್ ಎಷ್ಟು ದಿನದ್ದು ಇಟ್ಟಿರುತ್ತೀರಿ?

ಆಸ್ಪತ್ರೆಗೆ ಎಷ್ಟು ಹೊತ್ತು ಎನ್ನುವುದನ್ನು ಕಿಲೋಮೀಟರಿನಲ್ಲಿ ಕೇಳಬೇಡಿ, ಮಳೆಯಲ್ಲಿ ಗಡಿಯಾರ ಇಟ್ಟುಕೊಂಡು ಹೋಗಿ ನೋಡಿ. ಪಾರ್ಶ್ವವಾಯು ಹೊಡೆದರೆ ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡಲು ನಾಲ್ಕೂವರೆ ಗಂಟೆಯೊಳಗಿನ ಅವಧಿ, ಅದಕ್ಕೂ ಮುಂಚೆ ಸ್ಕ್ಯಾನ್ ಆಗಬೇಕು. ಆಗುಂಬೆಯ ಕಡೆಯಿಂದ ತೀರ್ಥಹಳ್ಳಿ ದಾಟಿ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ತಲುಪಲು ಎರಡು ಗಂಟೆಗೂ ಮೇಲೆ ಬೇಕು, ಗಾಡಿ ಬರುವ ಹೊತ್ತು ಬೇರೆ. ಹೃದಯದ ತೊಂದರೆ ಇರುವವರು, ಹಿಂದೆ ಒಮ್ಮೆ ಪಾರ್ಶ್ವವಾಯು ಬಂದವರು ಶಿವಮೊಗ್ಗಕ್ಕೆ ಮುಕ್ಕಾಲು ಗಂಟೆಯೊಳಗಿನ ಜಾಗವನ್ನೇ ಆರಿಸಿ, ಕಾಡು ಕಣಿವೆಯ ನೋಟ ಇಲ್ಲದಿದ್ದರೂ ಚಿಂತೆಯಿಲ್ಲ.

ಕರಾರಿನಲ್ಲಿ ಇರಲೇಬೇಕಾದದ್ದು

ಶುಲ್ಕ ಮತ್ತು ಠೇವಣಿಯ ಸಾಲುಗಳನ್ನು ಆಗಲೇ ಹೇಳಿದೆ. ಇಬ್ಬರಲ್ಲಿ ಒಬ್ಬರು ತೀರಿಕೊಂಡರೆ ಉಳಿದವರ ಹಕ್ಕು ಹಾಗೇ ಮುಂದುವರಿಯಬೇಕು, ಶುಲ್ಕ ಒಬ್ಬರದ್ದಕ್ಕೆ ಇಳಿಯಬೇಕು. ಒಬ್ಬರ ಹೆಸರಲ್ಲೇ ಕರಾರು ಮಾಡಿಸಿಕೊಂಡು, ಅವರು ಹೋದ ಮೇಲೆ ಹೆಂಡತಿ ಮತ್ತೆ ಹೊಸ ದರದಲ್ಲಿ ಸೇರಬೇಕಾದ ಕರಾರುಗಳಿವೆ. ಮರೆವಿನ ಕಾಯಿಲೆ ಬಂದರೆ, ಹಾಸಿಗೆ ಹಿಡಿದರೆ ಇಟ್ಟುಕೊಳ್ಳುತ್ತೀರಾ, ಆಗ ಶುಲ್ಕ ಎಷ್ಟು ಎಂದು ಬರಹದಲ್ಲಿ ಕೇಳಿ. ಬಹಳ ವಸತಿಗಳು ತಾನಾಗಿ ಓಡಾಡುವವರಿಗೆ ಮಾತ್ರ. ಅಂಥದ್ದಕ್ಕೆ ಜೀವಮಾನದ ಠೇವಣಿ ಇಟ್ಟರೆ ಆಸರೆ ನಿಜವಾಗಿ ಬೇಕಾದ ದಿನವೇ ಹೊರಗೆ ಬರಬೇಕಾಗುತ್ತದೆ. ಕಟ್ಟಿದವರು ಬೇರೆ, ಸೇವೆ ಕೊಡುವವರು ಬೇರೆ ಆಗಿದ್ದರೆ ನೀವು, ಅವರು, ಇವರು ಮೂವರೂ ಒಂದೇ ಕರಾರಿಗೆ ಸಹಿ ಹಾಕಬೇಕು. ಕೇಂದ್ರದ ಮಾದರಿ ಮಾರ್ಗಸೂಚಿ ಹೇಳುವುದೂ ಅದನ್ನೇ. ಸೇವೆ ಸರಿಯಿಲ್ಲದಿದ್ದರೆ ಆ ಸಂಸ್ಥೆಯನ್ನು ಬದಲಿಸುವ ಹಕ್ಕು ನಿವಾಸಿಗಳ ಸಂಘಕ್ಕೆ ಇರಲಿ.

ಸಭಿಕರ ಪ್ರಶ್ನೆಗಳು

*ಮನೆ, ತೋಟ ಮಗನಿಗೆ ಬರೆದುಕೊಟ್ಟು, ಅವನೇ ಶುಲ್ಕ ಕಟ್ಟಲಿ ಅಂತ ಮಾಡಬಹುದಾ?*

ಬಾಯಿಮಾತಿನಲ್ಲಿ ಬೇಡ. 2007ರ ಪೋಷಕರು ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯ 23ನೇ ಕಲಂ ಪ್ರಕಾರ, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದರೆ ರದ್ದು ಮಾಡಿಸಬಹುದು. ಷರತ್ತು ಇತ್ತು ಎಂಬುದು ಸಾಬೀತಾಗಬೇಕು ಎಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಿತು. 2025ರ ಜನವರಿಯ ತೀರ್ಪು ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕು ಎಂದಿತು. ಆದರೂ ಕೋರ್ಟಿನ ಉದಾರತೆ ನಂಬಿ ಕಾಗದ ಮಾಡಬಾರದು. ದಾನಪತ್ರದಲ್ಲೇ 'ಜೀವಿತಾವಧಿಯಲ್ಲಿ ವಸತಿ ಶುಲ್ಕ, ಔಷಧೋಪಚಾರದ ಖರ್ಚು ಭರಿಸುವ ಷರತ್ತಿನ ಮೇಲೆ' ಎಂದು ಬರೆಸಿ. ಇನ್ನೂ ಒಳ್ಳೆಯದು ವಿಲ್ ಮಾಡಿಡುವುದು. ಬದುಕಿರುವವರೆಗೆ ಆಸ್ತಿ ನಿಮ್ಮದೇ, ಬದಲಿಸುವ ಹಕ್ಕೂ ನಿಮ್ಮದೇ. ಪಿತ್ರಾರ್ಜಿತವಾದರೆ ಹೆಣ್ಣುಮಕ್ಕಳಿಗೂ ಸಮಪಾಲಿದೆ ಎಂಬುದನ್ನು ಮರೆತು ಯಾವ ಕಾಗದವನ್ನೂ ಮಾಡಬೇಡಿ.

*ಇಷ್ಟೆಲ್ಲ ದುಡ್ಡಿಲ್ಲದವರು ಏನು ಮಾಡಬೇಕು?*

ಅದೇ ಕಾಯ್ದೆಯಡಿ ಮಕ್ಕಳಿಂದ ತಿಂಗಳಿಗೆ 10 ಸಾವಿರದವರೆಗೆ ಜೀವನಾಂಶ ಕೇಳಬಹುದು. ಅರ್ಜಿ ಕೊಡಬೇಕಾದದ್ದು ಉಪವಿಭಾಗಾಧಿಕಾರಿಗಳಿಗೆ. ನಮ್ಮ ಜಿಲ್ಲೆಯಲ್ಲಿ ಶಿವಮೊಗ್ಗ ಮತ್ತು ಸಾಗರದಲ್ಲಿ ಅವರ ಕಚೇರಿಗಳಿವೆ. ವಕೀಲರು ಬೇಕಿಲ್ಲ. ನೋಟಿಸು ತಲುಪಿದ 90 ದಿನದಲ್ಲಿ ತೀರ್ಮಾನವಾಗಬೇಕು, ವಿಶೇಷ ಕಾರಣವಿದ್ದರೆ ಇನ್ನು 30 ದಿನ. 65 ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ತಿಂಗಳಿಗೆ 1,200 ರೂಪಾಯಿ ಇದೆ, ನಾಡಕಚೇರಿಯಲ್ಲಿ ಅರ್ಜಿ ಕೊಡಿ. ಉಚಿತ ವೃದ್ಧಾಶ್ರಮಗಳ ಮಾಹಿತಿಗೆ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿ, ಇಲ್ಲವೇ 14567 ಸಹಾಯವಾಣಿ. ಈ ಮೊತ್ತಗಳು ಸಾಲುವುದಿಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಸಾವಿರದ ಇನ್ನೂರರಲ್ಲಿ ಔಷಧಿಯೂ ಮುಗಿಯುವುದಿಲ್ಲ. ಎಲ್ಲ ಜಿಲ್ಲೆಯಲ್ಲೂ ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ರಾಜ್ಯ ಸರ್ಕಾರ ವಸತಿ ಮಾಡಬಹುದು ಎಂದು ಕಾಯ್ದೆಯೇ ಹೇಳುತ್ತದೆ. ಅದನ್ನು ಕೇಳಿ ಪಡೆಯುವ ಕೆಲಸ ನಮ್ಮಂಥ ಸಂಘಗಳದ್ದು.

*ಮನೆಯನ್ನೇ ಬ್ಯಾಂಕಿಗೆ ಇಟ್ಟು ತಿಂಗಳ ದುಡ್ಡು ಪಡೆಯುವ ಸಾಲ ಇದೆಯಂತಲ್ಲ?*

ಇದೆ, ರಿವರ್ಸ್ ಮಾರ್ಟ್‌ಗೇಜ್. 60 ದಾಟಿದವರಿಗೆ, ಸ್ವಯಾರ್ಜಿತ, ವಾಸದ ಮನೆಯ ಮೇಲೆ. ಬಂದ ಹಣಕ್ಕೆ ಆದಾಯ ತೆರಿಗೆ ಇಲ್ಲ. ಗಂಡ ಹೆಂಡತಿ ಇಬ್ಬರೂ ಹೋದ ಮೇಲೆ ಮಕ್ಕಳು ಸಾಲ ತೀರಿಸಿ ಮನೆ ಬಿಡಿಸಿಕೊಳ್ಳಬಹುದು, ಇಲ್ಲದಿದ್ದರೆ ಬ್ಯಾಂಕು ಮಾರಿ ಉಳಿದದ್ದನ್ನು ಅವರಿಗೆ ಕೊಡುತ್ತದೆ. ಆದರೆ ಸಿಗುವ ಮೊತ್ತ ಸಣ್ಣದು. 60 ಲಕ್ಷದ ಮನೆ, ಅದರ ಶೇ. 80ರಂತೆ 48 ಲಕ್ಷ, 15 ವರ್ಷ, ಶೇ. 10 ಬಡ್ಡಿ ಎಂದು ಹಿಡಿದರೆ ತಿಂಗಳಿಗೆ 11,580ರಷ್ಟು. 20 ವರ್ಷಕ್ಕೆ ಹರಡಿದರೆ 6,320. ಎರಡನೆಯ ತೊಡಕು ದೊಡ್ಡದು: ಒಂದು ವರ್ಷ ಸತತವಾಗಿ ಆ ಮನೆಯಲ್ಲಿ ವಾಸ ಇಲ್ಲದಿದ್ದರೆ ಬ್ಯಾಂಕು ಸಾಲ ಮುಗಿಸಿ ಎನ್ನಬಹುದು. ಅಂದರೆ ಈ ದುಡ್ಡಲ್ಲಿ ಹಿರಿಯರ ವಸತಿಗೆ ಹೋಗಲಾಗದು. ತೋಟದ ನಡುವಿನ ಮನೆಗೆ, ಒಟ್ಟು ಕುಟುಂಬದ ಮನೆಗೆ ಇದು ಸಿಗುವುದೂ ಇಲ್ಲ. ಶಿವಮೊಗ್ಗದಂಥ ಊರಿನೊಳಗೆ ಸ್ವಂತ ದುಡಿಮೆಯ ಮನೆ, ಇ-ಖಾತಾ ಸರಿಯಿದ್ದು, ಅಲ್ಲೇ ಕೊನೆಯವರೆಗೆ ಇರಬೇಕೆನ್ನುವವರಿಗೆ ಇದು ಹೊಂದುತ್ತದೆ. ಅಂಥವರು ಆ ಹನ್ನೊಂದು ಸಾವಿರವನ್ನು ಹಗಲಿಗೊಬ್ಬ ಸಹಾಯಕರಿಗೆ ಕೊಟ್ಟು, ಬಚ್ಚಲಿಗೆ ಹಿಡಿಕೆ, ಹೊರಕ್ಕೆ ತೆರೆಯುವ ಬಾಗಿಲು, ಹಾಸಿಗೆಯ ಪಕ್ಕ ಒಂದು ಕರೆಗಂಟೆ ಹಾಕಿಸಿಕೊಂಡರೆ, ವಸತಿಗೆ ಹೋಗುವ ದಿನವನ್ನು ಹಲವು ವರ್ಷ ಮುಂದೂಡಬಹುದು.